ದೆಹಲಿಯ ಬಾಲ್ಕನಿಗೆ ಊರಿನ ಲೆಕ್ಕ ಹೊಂದದು

ಡಿಸೆಂಬರ್ ಕೊನೆಯ ಹೊತ್ತಿಗೆ ದೆಹಲಿಯ ಕುಂಡಗಳಲ್ಲಿರುವ ಕರಿಬೇವು ಹಳದಿಯಾಗಿ ಎಲೆ ಉದುರಿಸಲು ಶುರು ಮಾಡುತ್ತದೆ. ಜನವರಿ ಮಧ್ಯಕ್ಕೆ ಬರೀ ಕಡ್ಡಿ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊಸದಾಗಿ ವರ್ಗವಾಗಿ ಬಂದವರು ಇದನ್ನು ನೋಡಿ ಗಿಡ ಸತ್ತಿತೆಂದು ಕಿತ್ತು ಬಿಸಾಡುತ್ತಾರೆ. ಇಲ್ಲವೇ ಉಳಿಸಿಕೊಳ್ಳುವ ಆತುರದಲ್ಲಿ ದಿನಾ ನೀರು, ಅದರ ಮೇಲೆ ಗೊಬ್ಬರ ಸುರಿದು ನಿಜವಾಗಿಯೇ ಸಾಯಿಸುತ್ತಾರೆ. ದ್ವಾರಕಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿಯ ಪಕ್ಕ ಪ್ರತಿ ಚಳಿಗಾಲದಲ್ಲೂ ಇಂಥ ಒಂದೆರಡು ಗಿಡ ಕುಂಡದ ಸಮೇತ ಕೂತಿರುತ್ತವೆ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಹಸಿರಿದ್ದರೆ ಜೀವ ಇದೆ ಎಂದೇ ಅರ್ಥ. ಚಳಿಗೆ ನಿದ್ದೆ ಹೋಗಿದೆ, ಅಷ್ಟೆ.

ಹಾಗೆ ಮಲಗಿದ ಗಿಡವನ್ನು ಎಬ್ಬಿಸಲು ಹೋಗಬಾರದು. ಮಣ್ಣು ಎರಡು ಬೆರಳು ಆಳದವರೆಗೆ ಒಣಗಿದ ಮೇಲೆ ಒಂದು ಲೋಟ ನೀರು ಕೊಟ್ಟರೆ ಸಾಕು. ಅದಕ್ಕೆ ಎಂಟು ಹತ್ತು ದಿನ ಹಿಡಿದರೂ ಗಾಬರಿ ಬೇಡ. ಗೊಬ್ಬರ ಬೇಡವೇ ಬೇಡ. ರಾತ್ರಿಯ ಗಾಳಿ ನೇರವಾಗಿ ಬಡಿಯದಂತೆ ಗೋಡೆಗೆ ಒತ್ತಿ ಇಡಿ. ಹೋಳಿಯ ಆಸುಪಾಸು ಗೆಣ್ಣುಗಳಲ್ಲಿ ಕೆಂಪು ಮಿಶ್ರಿತ ಚಿಗುರು ಕಾಣಿಸಿಕೊಳ್ಳುತ್ತದೆ. ಆಗ ತುದಿಗಳನ್ನು ಕತ್ತರಿಸಿ, ಮೇಲ್ಮಣ್ಣು ಸಡಿಲಿಸಿ, ಎರಡು ಹಿಡಿ ಎರೆಗೊಬ್ಬರ ಹಾಕಿ. ಏಪ್ರಿಲ್‌ನಲ್ಲಿ ಒಗ್ಗರಣೆಗೆ ಬೇಕಾದಷ್ಟು ಕರಿಬೇವು ಸಿಗುತ್ತದೆ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಾವು ಊರಿನಿಂದ ಬೀಜ ತರುತ್ತೇವೆ, ಸಸಿ ತರುತ್ತೇವೆ, ಜೊತೆಗೆ ಗೊತ್ತಿಲ್ಲದೆಯೇ ಊರಿನ ಕಾಲದ ಲೆಕ್ಕವನ್ನೂ ತರುತ್ತೇವೆ. ಬೆಂಗಳೂರಿನಲ್ಲಿ ಮೆಂತ್ಯವನ್ನು ಯಾವ ತಿಂಗಳು ಚೆಲ್ಲಿದರೂ ಬರುತ್ತದೆ. ಆ ನಗರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸ. ದೆಹಲಿ ಇರುವುದು 28 ಡಿಗ್ರಿ ದಾಟಿ. ಇಲ್ಲಿ ಜೂನ್‌ನ ಹಗಲು 14 ಗಂಟೆಗೆ ಹತ್ತಿರ, ಡಿಸೆಂಬರ್‌ನದು ಹತ್ತೂವರೆ ಗಂಟೆಗೂ ಕಡಿಮೆ. ಮೇ ತಿಂಗಳ ಮಧ್ಯಾಹ್ನ 44 ಡಿಗ್ರಿ ದಾಟುವ ಊರಿನಲ್ಲೇ ಜನವರಿಯ ರಾತ್ರಿ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೇ ಬಾಲ್ಕನಿ, ಎರಡು ದೇಶ.

ಬಿಸಿಲಿನ ದಿಕ್ಕೂ ಬೇರೆ. ಡಿಸೆಂಬರ್‌ನ ನಡುಮಧ್ಯಾಹ್ನ ದೆಹಲಿಯ ಸೂರ್ಯ ದಕ್ಷಿಣದಲ್ಲಿ 38 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣದ ಬಾಲ್ಕನಿಯಾದರೆ ಬಿಸಿಲು ಕೋಣೆಯೊಳಗಿನ ಸೋಫಾದವರೆಗೂ ಬರುತ್ತದೆ. ಜೂನ್‌ನಲ್ಲಿ ಅವನು ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಅದೇ ಬಾಲ್ಕನಿಗೆ ಮೇಲಿನ ಮನೆಯ ನೆರಳು ಬೀಳುತ್ತದೆ. ದಕ್ಷಿಣದ ಬಾಲ್ಕನಿ ಎಂದರೆ ವಾಸ್ತು ನೆನಪಿಸಿಕೊಂಡು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಸೊಪ್ಪು ಬೆಳೆಯುವವರು ದೆಹಲಿಯಲ್ಲಿ ಮನೆ ಹುಡುಕುವಾಗ ಅದನ್ನೇ ಕೇಳಿ ಪಡೆಯಬೇಕು. ಉತ್ತರದ ಬಾಲ್ಕನಿಯವರಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಅವರು ಮನಿ ಪ್ಲಾಂಟಿಗೆ ತೃಪ್ತಿಪಡುವುದು ಒಳ್ಳೆಯದು.

ಈಗ ದಸರಾ ಮುಗಿದಿದೆ. ದೆಹಲಿಯ ಕೈತೋಟಕ್ಕೆ ಯುಗಾದಿ ಇದೇ. ಮಧ್ಯಾಹ್ನದ ಬಿಸಿ 30ರ ಕೆಳಗೆ ಇಳಿಯುತ್ತಿರುವ ಈ ಮೂರು ನಾಲ್ಕು ವಾರಗಳಲ್ಲಿ ಬಿತ್ತಿದ್ದು ಮಾರ್ಚ್‌ವರೆಗೆ ಊಟ ಹಾಕುತ್ತದೆ. ಮೆಂತ್ಯ, ಪಾಲಕ್, ಸಾಸಿವೆ, ಮೂಲಂಗಿ, ಬಟಾಣಿ ಎಲ್ಲಕ್ಕೂ ಇದೇ ಸಮಯ. ಕೊತ್ತಂಬರಿಯ ಕಾಳನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಹದಿನೈದು ದಿನಕ್ಕೊಮ್ಮೆ ಒಂದೊಂದು ಕುಂಡದಂತೆ ಫೆಬ್ರುವರಿವರೆಗೆ ಬಿತ್ತುತ್ತಾ ಹೋದರೆ ಸೊಪ್ಪಿಗೆ ಕೊರತೆ ಇರದು. ಏಪ್ರಿಲ್ ನಂತರ ಅದರ ಆಸೆ ಬಿಡಿ. ಮೊಳೆತರೂ ಗೇಣುದ್ದವಾಗುವ ಮೊದಲೇ ಹೂ ಬಿಡುತ್ತದೆ.

ಬೀಜ ಕೊಳ್ಳುವಾಗ ಪ್ಯಾಕೆಟ್ಟಿನ ಚಿತ್ರವನ್ನಲ್ಲ, ತಳಿಯ ಹೆಸರನ್ನು ಓದಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ‘ಅರ್ಕಾ’ ಎಂಬ ಹೆಸರಿನಿಂದ ನಮಗೆ ಪರಿಚಿತ. ಇಲ್ಲಿ ‘ಪೂಸಾ’. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮೊದಲು ಇದ್ದದ್ದು ಬಿಹಾರದ ಪೂಸಾ ಎಂಬ ಊರಿನಲ್ಲಿ. 1934ರ ಭೂಕಂಪದಲ್ಲಿ ಕಟ್ಟಡ ಹಾಳಾಗಿ 1936ರಲ್ಲಿ ದೆಹಲಿಗೆ ಬಂದಾಗ ಊರಿನ ಹೆಸರನ್ನೂ ಹೊತ್ತು ತಂದಿತು. (ಅದೂ ನಮ್ಮಂತೆಯೇ ವಲಸೆ ಬಂದದ್ದು.) ಮೂಲಂಗಿಯನ್ನೇ ನೋಡಿ: ಪೂಸಾ ಚೇತ್ಕಿ ಸೆಕೆಗಾಲದ ತಳಿ, ಪೂಸಾ ಹಿಮಾನಿ ಕೊರೆಯುವ ಚಳಿಯದು. ತಿಂಗಳು ತಪ್ಪಿ ಬಿತ್ತಿದರೆ ಗೆಡ್ಡೆಯ ಬದಲು ಹೂವು ಸಿಗುತ್ತದೆ. ನರ್ಸರಿಯ ಮಾಲಿಯನ್ನು ‘ಇದು ಯಾವ ತಿಂಗಳಿನದು’ ಎಂದು ಕೇಳಲು ಸಂಕೋಚ ಬೇಡ, ಆತನಿಗೆ ಗೊತ್ತಿರುತ್ತದೆ.

ಇನ್ನು ಬಸಳೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ ನಮ್ಮ ಜೊತೆ ಇರಲು ಬಂದು ಮೂರು ವರ್ಷವಾಯಿತು. ಅಪ್ಪ ಹೋದ ಮೇಲೆ ಅಲ್ಲಿ ಒಬ್ಬರೇ ಇರುವುದು ಬೇಡ ಎಂದು ನಾವು ಹಟ ಮಾಡಿ ಕರೆತಂದದ್ದು. ಹಿಂದಿ ಬಾರದು, ಲಿಫ್ಟು ಕಂಡರೆ ಆಗದು. ಕೊಟ್ಟಿಗೆಯ ಹಿಂದಿನ ಚಪ್ಪರದಿಂದ ಬಸಳೆಯ ನಾಲ್ಕು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಂದದ್ದು ದೀಪಾವಳಿಯ ನಂತರ. ಮೊದಲ ವಾರ ಕಡ್ಡಿ ಹಸಿರಾಗಿಯೇ ಇದ್ದವು. ಡಿಸೆಂಬರ್‌ನಲ್ಲಿ ಒಂದೊಂದಾಗಿ ಕಪ್ಪಾಗಿ ಮೆತ್ತಗಾದವು. “ಎಂಥದೂ ಹುಟ್ಟಲ್ಲ ಮಾರಾಯ ಇಲ್ಲಿ, ನನ್ನನ್ನ ಊರಿಗೆ ಕಳಿಸು” ಎಂದರು. ಬಸಳೆಯ ವಿಷಯವಷ್ಟೇ ಆಗಿದ್ದರೆ ಸುಲಭವಿತ್ತು.

ಬಸಳೆ ಚಳಿ ತಡೆಯದ ಬಳ್ಳಿ. ದೆಹಲಿಯಲ್ಲಿ ಅದರ ವರ್ಷ ಮಾರ್ಚ್‌ನಿಂದ ನವೆಂಬರ್‌ವರೆಗೆ ಮಾತ್ರ. ತಂಗಿ ಕೊರಿಯರ್‌ನಲ್ಲಿ ಕಳಿಸಿದ ಬೀಜವನ್ನು ಅಮ್ಮ ಮಾರ್ಚ್ ಎರಡನೇ ವಾರ ನೆನೆಸಿ ಹಾಕಿದರು. ಜೂನ್ ಹೊತ್ತಿಗೆ ಗ್ರಿಲ್ ಮುಚ್ಚಿತು, ಮಳೆ ಬಿದ್ದ ಮೇಲೆ ಪಕ್ಕದ ಮನೆಯ ಗ್ರಿಲ್ಲಿಗೂ ಹಬ್ಬಿತು. ಪಕ್ಕದವರು ಪಂಜಾಬಿನವರು, ಅಮ್ಮನದೇ ವಯಸ್ಸಿನ ಹೆಂಗಸು. ದೂರಲು ಬಂದವರಿಗೆ ಅಮ್ಮ ಒಂದು ಹೊರೆ ಸೊಪ್ಪು ಕೊಟ್ಟು ಕಳಿಸಿದರು. ಚಳಿಗಾಲದಲ್ಲಿ ಅವರು ಬಥುವಾ ತಂದುಕೊಟ್ಟರು. ನಮ್ಮ ಚಕ್ಕೋತ ಸೊಪ್ಪಿನ ಬಳಗದ್ದು, ಇಲ್ಲಿ ಗೋಧಿ ಹೊಲದಲ್ಲಿ ಕಳೆಯಾಗಿ ಏಳುತ್ತದೆ. ಹುಳಿ ಮಾಡಿದರೆ ಬಲು ರುಚಿ. ಇಬ್ಬರಿಗೂ ಭಾಷೆ ಬಾರದು, ಆದರೆ ಮಾತು ನಿಂತಿಲ್ಲ. ಊರಿಗೆ ಕಳಿಸು ಎನ್ನುವುದು ಈಗಲೂ ಇದೆ, ಜನವರಿಯಲ್ಲಿ ಮಾತ್ರ.

ಈ ತಿಂಗಳು ಬಸಳೆ ಇರುವವರು ಮಾಡಬೇಕಾದ ಕೆಲಸ ಒಂದೇ: ನೇರಳೆ ಬಣ್ಣಕ್ಕೆ ತಿರುಗಿದ ಹಣ್ಣುಗಳನ್ನು ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ. ಬಳ್ಳಿ ಹೋಗುವುದು ಖಚಿತ, ಬೀಜ ಉಳಿಯಲಿ. ಹರಿವೆ, ಹೀರೆ, ಸೋರೆಗಳ ಲೆಕ್ಕವೂ ಇದೇ. ಫೆಬ್ರುವರಿ ಕೊನೆಗೆ ಬಿತ್ತನೆ. ದೊಡ್ಡಪತ್ರೆಯನ್ನು ಚಳಿಯಲ್ಲಿ ಕೊಲ್ಲುವುದು ಹೆಚ್ಚಾದ ನೀರು. ವೀಳ್ಯದೆಲೆಗೆ ಮೇ ತಿಂಗಳ ಬಿಸಿಗಾಳಿ ‘ಲೂ’ ಕೂಡ ಆಗದು, ಜನವರಿಯೂ ಆಗದು. ಅದಕ್ಕೆ ಈ ಊರಿನಲ್ಲಿ ತಕ್ಕ ಜಾಗವೆಂದರೆ ಕಿಟಕಿ ಇರುವ ಸ್ನಾನದ ಮನೆ. ನಗಬೇಡಿ, ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಗೀಸರ್ ಪಕ್ಕ ಹಬ್ಬುತ್ತಿದೆ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರು ಬಹಳ. ಉದ್ದೇಶ ಒಳ್ಳೆಯದೇ. ಆದರೆ ಮೊದಲೇ ಗಡುಸಾದ ನೀರಿನ ಉಪ್ಪೆಲ್ಲ ಸೇರಿರುವುದು ಅದರಲ್ಲಿ. ನೆಲದಲ್ಲಾದರೆ ಮಳೆಗೆ ತೊಳೆದುಹೋದೀತು, ಕುಂಡದಲ್ಲಿ ಕೂತುಬಿಡುತ್ತದೆ. ಮಣ್ಣಿನ ಮೇಲೆ ಬಿಳಿ ಪದರ, ಎಲೆಯ ಅಂಚು ಸುಟ್ಟಂತೆ ಕಂದು: ಇವು ಅದರ ಗುರುತು. ಆ ನೀರು ನೆಲ ಒರೆಸಲು ಇರಲಿ. ನರ ಹಸಿರಾಗಿಯೇ ಇದ್ದು ನಡುವಿನ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ಇಲ್ಲಿನ ಕ್ಷಾರದ ಮಣ್ಣಿನಲ್ಲಿ ಕರಿಬೇವು, ದಾಸವಾಳಗಳಿಗೆ ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಅನ್ನಭೇದಿ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹುಳಿ ಮಜ್ಜಿಗೆಯ ಮೇಲೆ ಅಮ್ಮನಿಗೆ ಬಹಳ ನಂಬಿಕೆ, ನನಗೆ ಅಷ್ಟಿಲ್ಲ.

ಚಳಿಗಾಲದ ನೀರು ಬೆಳಿಗ್ಗೆ ಬಿಸಿಲೇರಿದ ಮೇಲೆ, ಸಂಜೆ ಬೇಡ. ದೀಪಾವಳಿಯ ನಂತರ ಹೊಗೆ ಕವಿದ ದಿನಗಳಲ್ಲಿ ಎಲೆಗಳ ಮೇಲೆ ಮಸಿಯಂಥ ಧೂಳು ಕೂರುತ್ತದೆ. ವಾರಕ್ಕೊಮ್ಮೆ ಬಿಸಿಲಿರುವಾಗ ತೊಳೆಯಿರಿ, ಅಡುಗೆಗೆ ಕೊಯ್ದ ಸೊಪ್ಪನ್ನು ಮೂರು ನೀರಲ್ಲಿ ತೊಳೆಯಿರಿ. ಸಾಸಿವೆಗೆ ಜನವರಿ ಕೊನೆಯಲ್ಲಿ ಸಸ್ಯಹೇನು ಮುತ್ತುತ್ತದೆ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಎಲೆಯ ಅಡಿಗೆ ಹೊಡೆಯಿರಿ.

ಊರಿಗೆ ಹೋಗಿ ಬರುವವರಿಗೆ ಕೊನೆಯದಾಗಿ ಇಷ್ಟು. ಬೀಜ ಯಾವಾಗ ತಂದರೂ ನಡೆಯುತ್ತದೆ. ಸಸಿ, ಕಡ್ಡಿಗಳನ್ನು ಜುಲೈ ಆಗಸ್ಟ್‌ನಲ್ಲಿ ತನ್ನಿ, ಇಲ್ಲವೇ ಫೆಬ್ರುವರಿ ಕೊನೆಗೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯಬೇಕಾದ್ದರಿಂದ ಬೇರಿಗೆ ಒದ್ದೆ ತೆಂಗಿನ ನಾರು ಸುತ್ತಿ ಅಡಿಕೆ ಹಾಳೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಬೇಡಿ. ಹದಿನೈದು ದಿನ ಮನೆಗೆ ಬೀಗ ಹಾಕುವುದಾದರೆ ಕುಂಡಗಳನ್ನೆಲ್ಲ ನೆರಳಿನಲ್ಲಿ ಒತ್ತೊತ್ತಾಗಿ ಜೋಡಿಸಿ. ನಡುವೆ ಸ್ಟೂಲಿನ ಮೇಲೆ ಒಂದು ಬಕೆಟ್ ನೀರಿಟ್ಟು, ಹಳೆಯ ಹತ್ತಿ ಪಂಚೆಯನ್ನು ಪಟ್ಟಿಗಳಾಗಿ ಹರಿದು ಒಂದು ತುದಿ ಬಕೆಟ್ಟಿನ ತಳ ಮುಟ್ಟುವಂತೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಎರಡು ಇಂಚು ಹೋಗುವಂತೆ ಬಿಡಿ. ಹೊರಡುವ ಎರಡು ದಿನ ಮೊದಲೇ ಕಟ್ಟಿ, ನೀರು ಏರುತ್ತಿದೆಯೇ ಎಂದು ಬೆರಳಿಟ್ಟು ನೋಡಿಕೊಳ್ಳಿ. ಪಾಲಿಯೆಸ್ಟರ್ ಬಟ್ಟೆಯಾದರೆ ಏರುವ ನಂಬಿಕೆ ಇಲ್ಲ.