ಹಬ್ಬಕ್ಕೆ ಕೆಂಪು ಬಿಸ್ಕತ್ತು

ದೌಲತಾಬಾದಿನ ಅಕ್ಕಂದಿರೇ, ಹಬ್ಬಕ್ಕೆ ಮಕ್ಕಳು ಕೆಂಪು ಬಿಸ್ಕತ್ತು ಕೇಳ್ತಾರಾ? ಮನೆಯಲ್ಲೇ ಮಾಡಿ. ಆದರೆ ಬಣ್ಣದ ಪುಡಿ ಬೇಡ. ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವುದಲ್ಲ. ಬಾಂಬೆ ಮಿಠಾಯಿಯಲ್ಲಿ ಅದು ಸಿಕ್ಕಿತು. ಆದ್ದರಿಂದ 2024ರ ಮಾರ್ಚ್‌ನಲ್ಲಿ ಪಕ್ಕದ ಕರ್ನಾಟಕದಲ್ಲಿ ಬಣ್ಣದ ಬಾಂಬೆ ಮಿಠಾಯಿ ನಿಷೇಧವಾಯಿತು.

ಬೀಟ್‌ರೂಟ್ ತುರಿದು, ನೀರು ಹಾಕದೆ ಅರೆಯಿರಿ. ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಸಕ್ಕರೆ ಪುಡಿ, ಅರ್ಧ ಬಟ್ಟಲು ತುಪ್ಪ, ಎರಡು ಚಮಚ ಬೀಟ್‌ರೂಟ್ ಸೇರಿಸಿ ನಾದಿ. ನಾಲ್ಕು ಹನಿ ನಿಂಬೆರಸ ಹಾಕಿ. ಹುಳಿಯಿದ್ದರೆ ಕೆಂಪು ಉಳಿಯುತ್ತದೆ. ಸೋಡಾ ಹಾಕಿದರೆ ಬಣ್ಣ ಕೆಡುತ್ತದೆ.

ದಪ್ಪ ಪಾತ್ರೆಯಲ್ಲಿ ಉಪ್ಪು ಹರಡಿ 10 ನಿಮಿಷ ಕಾಯಿಸಿ. ಅದರೊಳಗೆ ಸ್ಟ್ಯಾಂಡ್ ಇಟ್ಟು, ಬಿಸ್ಕತ್ತಿನ ತಟ್ಟೆ ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬೇಯಲಿ. ಆರಿದ ಮೇಲೆ ತೆಗೆಯಿರಿ.

ಅಂಗಡಿಯದರಷ್ಟು ಕೆಂಪು ಬರೋದಿಲ್ಲ. ಆದರೆ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು.