ಕಳ್ಳಿಗೂ ಬಂತು ಕಸಿ. ಮಳೆಗೆ ಮಾತ್ರ ಹುಷಾರು!

ತೆಂಗಿನಗುಂಡಿ: ಮಾವಿಗೆ ಕಸಿ, ಗೇರಿಗೆ ಕಸಿ ನಮ್ಮ ಕರಾವಳಿಗೆ ಹೊಸದಲ್ಲ. ಮುಳ್ಳುಕಳ್ಳಿಗೂ ಕಸಿ ಕಟ್ಟುತ್ತಾರೆ ಎಂದರೆ ಮಾತ್ರ, "ಬೇರೆ ಕೆಲಸ ಇಲ್ವಾ ಮಾರಾಯ್ರೆ?" ಎನ್ನುವವರೇ ಹೆಚ್ಚು. ಆದರೆ ಪಂಚಕುಲದಲ್ಲಿ 1987ರಿಂದ ಇಂಥ ಗಿಡಗಳಿಗೆಂದೇ ರಾಷ್ಟ್ರೀಯ ಉದ್ಯಾನವಿದೆ.

ಹಸಿರು ಕಂಬದ ಮೇಲೆ ಕೆಂಪು ಚೆಂಡು ಕೂತಂತಿರುವ ಪುಟ್ಟ ಗಿಡವನ್ನು ನರ್ಸರಿಯಲ್ಲಿ ನೋಡಿರಬಹುದು. ಅದು ಒಂದಲ್ಲ, ಎರಡು ಗಿಡ. ಮೇಲಿನ ಚೆಂಡಿಗೆ ಹಸಿರೇ ಇಲ್ಲ. ತನ್ನ ಅನ್ನ ತಾನು ಮಾಡಿಕೊಳ್ಳಲು ಬರೋದಿಲ್ಲ. ಕೆಳಗಿನದು ಡ್ರ್ಯಾಗನ್ ಹಣ್ಣಿನ ಬಳಗದ ಕಳ್ಳಿ. ದುಡಿಯೋದು ಅದು, ಮೆರೆಯೋದು ಇದು! 1940ರ ದಶಕದಲ್ಲಿ ಜಪಾನಿನವರು ಈ ಚೆಂಡನ್ನು ಬದುಕಿಸಿಕೊಂಡದ್ದೇ ಕಸಿಯಿಂದ.

ಇನ್ನೊಂದು ಅಡೇನಿಯಂ. ಆಫ್ರಿಕಾ, ಅರೇಬಿಯದ ಒಣನೆಲದ ಗಿಡ. ನಮ್ಮ ಕಣಗಿಲೆಯ ದಾಯಾದಿ. ಹವ್ಯಾಸಿಗಳು ಹೂವಿನ ಕೊಳವೆ ಸೀಳಿ, ಸಣ್ಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ಕಾಯಿ ಜೋಡಿ ಕೊಂಬಿನಂತೆ ಬೆಳೆಯುತ್ತದೆ. ಒಡೆದರೆ ಬೀಜ ಗಾಳಿಗೆ ಹಾರುತ್ತದೆ. ಅದಕ್ಕೇ ದಾರ ಸುತ್ತುವುದು. ಬೀಜದ ಗಿಡ ಯಾವ ಬಣ್ಣದ್ದೋ, ಹೂ ಬಿಟ್ಟ ಮೇಲೇ ಗೊತ್ತು. ಚಂದದ ಹೂ ಸಿಕ್ಕಿತೋ, ಅದರ ಟೊಂಗೆಯನ್ನು ದಪ್ಪ ಬುಡದ ಬೀಜಗಿಡಕ್ಕೆ ಕಸಿ ಕಟ್ಟಬೇಕು. ಬರೀ ಟೊಂಗೆ ನೆಟ್ಟರೆ ಬದುಕೀತು, ಆ ದಪ್ಪ ಬುಡ ಬರುವುದು ಕಷ್ಟ.

ಕೆಲಸ ಕಷ್ಟದ್ದಲ್ಲ. ಶುದ್ಧ ಬ್ಲೇಡು, ಒಂದು ರಬ್ಬರ್ ಬ್ಯಾಂಡು ಸಾಕು. ಕಳ್ಳಿಯಲ್ಲಿ ಎರಡೂ ತುಂಡುಗಳ ಒಳಗಿನ ಉಂಗುರ ಒಂದಕ್ಕೊಂದು ತಾಗಬೇಕು. ವಂಶವೂ ಹೊಂದಬೇಕು. ಬೇಲಿಯ ಹಾಲುಗಳ್ಳಿ ಬೇರೆಯೇ ವಂಶ. ಅದರ ಮೇಲೆ ಈ ಚೆಂಡು ಕೂರೋದಿಲ್ಲ.

ನಿಜವಾದ ಪರೀಕ್ಷೆ ಜೂನ್‌ನಲ್ಲಿ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ತೀರದಲ್ಲಿ ನೀರು ನಿಂತ ಕುಂಡ ಎಂದರೆ ಕೊಳೆತ ಗಿಡ ಎಂದೇ ಲೆಕ್ಕ. ಬುಡ ಮೆತ್ತಗಾದ ಮೇಲೆ ತಿಳಿದು ಏನು ಪ್ರಯೋಜನ? ಆದ್ದರಿಂದ ಕಸಿ ಕಟ್ಟುವುದು ಬೇಸಿಗೆಯಲ್ಲೇ ಆಗಲಿ. ಮರಳು, ಜಲ್ಲಿ ಬೆರೆಸಿದ ಮಣ್ಣು, ತಳಕ್ಕೆ ತೂತು, ಮಳೆಗಾಲದಲ್ಲಿ ಜಗಲಿಯ ಮಾಡು. ಇಷ್ಟಾದರೆ ಗಿಡ ಉಳಿದೀತು.

ಕೊಳ್ಳುವವರೂ ಕಣ್ಣು ತೆರೆದಿರಲಿ. ಬುಡ ಅದುಮಿ ನೋಡಿ, ಗಟ್ಟಿ ಇರಬೇಕು. ಕಸಿಯ ಕೆಳಗೆ ಚಿಗುರಿದ್ದನ್ನು ಚಿವುಟಿ ಹಾಕಿ. ಬಿಟ್ಟರೆ ಅದೇ ಮೇಲುಗೈ ಆಗಿ, ದುಡ್ಡು ಕೊಟ್ಟು ತಂದ ಹೂವೇ ಮಾಯ. ಅಡೇನಿಯಂ ರಸ ವಿಷ. ಆಫ್ರಿಕಾದಲ್ಲಿ ಬಾಣಕ್ಕೆ ಸವರುತ್ತಿದ್ದರು. ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ಮಕ್ಕಳ ಕೈಗೂ ಸಿಗದಿರಲಿ.