ಸನ್ನತಿಯ ಪೌಳಿಯಲ್ಲಿ ಸಿಕ್ಕ ಸಿರೋಲಿಮಸ್

ಕಲಬುರಗಿ ಕಡೆಯ ಸನ್ನತಿಗೆ ಹೋದದ್ದು ಅಶೋಕನ ಶಾಸನದ ಆಸೆಗೆ. ಚಂದ್ರಲಾಂಬೆಯ ದರ್ಶನ ಮುಗಿಸಿ ಪೌಳಿಯಲ್ಲಿ ಕುಳಿತಾಗ, ಮಾತಿಗೆ ಸಿಕ್ಕ ಹಿರಿಯರೊಬ್ಬರು ಚೀಲದಿಂದ ದವಾಖಾನೆಯ ಫೈಲು ತೆಗೆದರು. ‘ಎದಿಯಾಗ ಸ್ಪ್ರಿಂಗ್ ಹಾಕ್ಯಾರ್ರಿ. ಈಗ ಆರಾಮ ಇದ್ದೀನಿ. ಗುಳಿಗಿ ಬಿಟ್ರ ನಡೀತದೇನ್ರಿ?’

ಕಾಗದದಲ್ಲಿ ಆ ಸ್ಪ್ರಿಂಗಿನ, ಅಂದರೆ ಸ್ಟೆಂಟಿನ, ಮುಂದೆ ‘ಸಿರೋಲಿಮಸ್’ ಎಂದಿತ್ತು. ನನಗೆ ಮೈ ಜುಮ್ಮೆಂದಿತು. ಶಾಸನ ಹಿಂದೆ ಸರಿದು ಆ ಹೆಸರಿನ ಹಿಂದಿನ ಕತೆ ಮುಂದೆ ಬಂತು.

ಕಟ್ಟಿದ ಹೃದಯನಾಳವನ್ನು ಬಲೂನು ಉಬ್ಬಿಸಿ ತೆರೆದಾಗ ಒಳಗೋಡೆ ಸಿಗಿಯುತ್ತದೆ, ತೆಳು ಒಳಪದರ ಕಿತ್ತುಬರುತ್ತದೆ. ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಬಂದು ಅಂಟಿ ಪಿಡಿಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಸುರಿಸುತ್ತವೆ. ಪ್ಲೇಟ್‌ಲೆಟ್‌ಗಳಿಗೆ ನಾಳದ ಸ್ನಾಯುಕೋಶಗಳನ್ನು ಹೆಚ್ಚಿಸುವ ಶಕ್ತಿ ಇದೆಯೆಂದು ಸಿಯಾಟಲ್‌ನ ರಸೆಲ್ ರಾಸ್ ತಂಡ 1974ರಲ್ಲಿ ತೋರಿಸಿತು. ಪೆಟ್ಟುಬಿದ್ದ ಕೋಶಗಳಿಂದ ಎಫ್‌ಜಿಎಫ್ ಎಂಬ ಇನ್ನೊಂದು ಅಂಶ ಹೊರಬರುತ್ತದೆ. ಇವುಗಳ ಕರೆಗೆ ಗೋಡೆಯ ಸ್ನಾಯುಕೋಶಗಳು ಎದ್ದು, ಹೆಚ್ಚಿ, ಗಾಯದತ್ತ ಸರಿಯುತ್ತವೆ. ವಿಇಜಿಎಫ್ ಎಂಬ ಮತ್ತೊಂದು ಅಂಶ, ಕಿತ್ತ ಒಳಪದರವನ್ನು ಮತ್ತೆ ಬೆಳೆಸುತ್ತದೆ. ಗಾಯ ಮಾಯುವುದೇ ಹೀಗೆ. ಆದರೆ ಸ್ನಾಯುಕೋಶಗಳು ಮಿತಿಮೀರಿದರೆ ನಾಳ ಒಳಗಿನಿಂದಲೇ ಮತ್ತೆ ಮುಚ್ಚುತ್ತದೆ. ಬಲೂನು ಮಾತ್ರ ಇದ್ದ ಕಾಲದಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ತಿಂಗಳುಗಳಲ್ಲೇ ಹೀಗಾಗುತ್ತಿತ್ತು.

ಇದಕ್ಕೆ ಕಡಿವಾಣ ಬಂದದ್ದು ಈಸ್ಟರ್ ದ್ವೀಪದ ಮಣ್ಣಿನಿಂದ! 1964ರಲ್ಲಿ ಅಲ್ಲಿಗೆ ಹೋದ ಕೆನಡಾದ ತಂಡ ಮಣ್ಣಿನ ಮಾದರಿಗಳನ್ನು ತಂದಿತು. ಅದರೊಳಗಿನ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಸುರೇನ್ ಸೆಹಗಲ್ ಮತ್ತು ಸಂಗಡಿಗರು ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ, ಹಾಗಾಗಿ ಇದು ರಾಪಮೈಸಿನ್, ಸಿರೋಲಿಮಸ್ ಅದೇ. ಸೆಹಗಲ್ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದವರು. ಕಂಪನಿ ಮಾಂಟ್ರಿಯಲ್ ಪ್ರಯೋಗಾಲಯ ಮುಚ್ಚಿ ಈ ಕೆಲಸ ಕೈಬಿಟ್ಟಾಗ, ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿ ಕಾಪಾಡಿಕೊಂಡರು. ಬೆಳವಣಿಗೆ ಅಂಶಗಳ ಸಂದೇಶ ಹಾದುಹೋಗುವ ದಾರಿಯನ್ನೇ ಕೋಶದೊಳಗೆ ತಡೆಯುವ ಮದ್ದು ಇದೆಂದು ಆಮೇಲೆ ತಿಳಿಯಿತು. 1999ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ, ಇದನ್ನು ಲೇಪಿಸಿದ ಸ್ಟೆಂಟನ್ನು ಮೊದಲ ಬಾರಿಗೆ ಮನುಷ್ಯನ ಹೃದಯನಾಳಕ್ಕೆ ಹಾಕಿದರು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2003ರ ಏಪ್ರಿಲ್‌ನಲ್ಲಿ. ಸೆಹಗಲ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಈ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕು.

ಹಿರಿಯರಿಗೆ ಹೇಳಿದೆ: ‘ಡಾಕ್ಟರನ್ನು ಕೇಳದೆ ಗುಳಿಗಿ ಬಿಡಬ್ಯಾಡ್ರಿ.’ ಸ್ಟೆಂಟಿಗೆ ಲೇಪಿಸಿದ ಆ ಮದ್ದಿಗೆ ಬೇಕಾದ ಬೆಳವಣಿಗೆ, ಬೇಡದ ಬೆಳವಣಿಗೆ ಎಂಬ ಭೇದವಿಲ್ಲ. ಸ್ನಾಯುಕೋಶಗಳ ಜೊತೆಗೆ ಒಳಪದರವನ್ನೂ ನಿಧಾನಿಸುತ್ತದೆ. ಲೋಹದ ಮೇಲೆ ಆ ಪದರ ಹರಡುವವರೆಗೆ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಅದಕ್ಕಾಗಿಯೇ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದವರೆಗೆ ಎರಡು ಬಗೆಯ ಗುಳಿಗೆ, ಆಮೇಲೂ ಒಂದು. ಎದೆನೋವು ಹೋಯಿತೆಂದು ಗುಳಿಗೆ ನಿಲ್ಲಿಸುವವರು ನಮ್ಮ ಕಡೆ ಬಹಳ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಕಟ್ಟಡವೂ ಬಂತು. ಸ್ಟೆಂಟ್ ಬೆಲೆಗೆ 2017ರಲ್ಲೇ ಸರ್ಕಾರ ಮಿತಿ ಹಾಕಿತು. ಇಷ್ಟಾದರೂ ಗುಳಿಗೆ ಯಾಕೆಂದು ಬಿಡಿಸಿ ಹೇಳುವವರು ಕಡಿಮೆ.

ತಡೆಯುವ ಬದಲು ಬೆಳವಣಿಗೆ ಅಂಶವನ್ನೇ ಚುಚ್ಚಿ ಹೊಸ ನಾಳ ಬೆಳೆಸುವ ಆಸೆಯೂ ಹಳೆಯದು. ಅಮೆರಿಕದಲ್ಲಿ ಹೃದಯರೋಗಿಗಳಿಗೆ ವಿಇಜಿಎಫ್ ಕೊಟ್ಟ ದೊಡ್ಡ ಪರೀಕ್ಷೆ ನಿರೀಕ್ಷಿಸಿದ ಫಲ ಕೊಡಲಿಲ್ಲ. ಒಂದೇ ಅಂಶದಿಂದ ನಾಳ ಕಟ್ಟಲಾಗದೆಂದೇ ನನ್ನ ಎಣಿಕೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಹಿಡಿದ ದಾರಿ ಬೇರೆ: ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ, ಹಲವು ಬೆಳವಣಿಗೆ ಅಂಶಗಳನ್ನು ಸ್ರವಿಸುವ ಕಾಂಡಕೋಶಗಳನ್ನು ಮೀನಖಂಡಕ್ಕೆ ಚುಚ್ಚುವುದು. ಬೀಡಿ, ತಂಬಾಕಿನಿಂದ ಕಾಲಿನ ನಾಳ ಕಟ್ಟಿ ಹುಣ್ಣಾಗುವ ಬರ್ಜರ್ ಕಾಯಿಲೆಗೆ 2016ರಲ್ಲಿ ಈ ಚಿಕಿತ್ಸೆಗೆ ಸೀಮಿತ ಅನುಮತಿ ಸಿಕ್ಕಿತು. ಕಾಲು ಕತ್ತರಿಸಬೇಕೆಂದು ಹೇಳಿಸಿಕೊಂಡವರಿಗೆ ಇದು ಕೈಗೆಟಕುವ ದರದಲ್ಲಿ ಸಿಗಲಿ ಎಂಬುದಷ್ಟೇ ನನ್ನ ಹಂಬಲ.